ಅಗೇಡಿಯ ಕದಿರು

ಗುಲ್ವಾಡಿಯ ಹೊಳೆಗೂ ಇನಾಸ ಬರೆಟ್ಟೊನಿಗೂ ಅವನ ಮದುವೆಯಾದ ವರ್ಷದಿಂದಲೇ ಜಗಳ. ೧೯೫೬ರಲ್ಲಿ ಕ್ರಿಸ್ತಿನಾ ಮನೆ ತುಂಬಿದಳು. ಆ ವರ್ಷವೇ ಸಮುದ್ರದ ಉಬ್ಬರಕ್ಕೆ ಹೊಳೆಬದಿಯ ಮಣ್ಣಿನ ಕಟ್ಟ ಒಡೆದು ಗದ್ದೆಗೆ ಉಪ್ಪುನೀರು ತುಂಬಿತು. ಕಟ್ಟಿದ. ಮತ್ತೆ ಒಡೆಯಿತು. ಮತ್ತೆ ಕಟ್ಟಿದ. ನಡುವೆ ಚೊಚ್ಚಲ ಮಗು ಜ್ವರದಲ್ಲಿ ಹೋಯಿತು. ಮಣ್ಣು ಮಾಡಿ ಬಂದ ಸಂಜೆಯೂ ಕ್ರಿಸ್ತಿನಾ ದೀಪ ಹಚ್ಚಿ ಜಪಮಾಲೆಗೆ ಕೂತಳು. ಇನಾಸ ಹೊರಗೆ ಜಗಲಿಯಲ್ಲಿ ಬೆನ್ನು ಹಾಕಿ ಕೂತ. ಆದರೂ ಪ್ರತಿ ‘ಆಮೆನ್’ ಅವನ ಬಾಯಿಂದಲೂ ಬೀಳುತ್ತಿತ್ತು, ಬೈಗುಳದ ಹಾಗೆ.

ಅರವತ್ತೈದರಲ್ಲಿ ಪಾದ್ರಿಗಳು, “ಈ ಸಲ ಹಬ್ಬದ ಕದಿರು ನಿನ್ನ ಗದ್ದೆಯದು” ಎಂದರು. ಸೆಪ್ಟೆಂಬರಿನಲ್ಲಿ ಮಾತೆ ಮರಿಯಳ ಹುಟ್ಟುಹಬ್ಬ. ಅಂದು ಇಗರ್ಜಿಯಲ್ಲಿ ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸಿ ಮನೆಗೊಂದರಂತೆ ಹಂಚುತ್ತಾರೆ. ಆ ತೆನೆಯ ಅಕ್ಕಿ ಸುಲಿದು ಪಾಯಸಕ್ಕೆ ಹಾಕಿ ಮನೆಯವರೆಲ್ಲ ಒಟ್ಟಿಗೆ ಕೂತು ಉಣ್ಣಬೇಕು. ಊರಿಗೆಲ್ಲ ತನ್ನ ಗದ್ದೆಯ ಕದಿರು! ಇನಾಸ ಮೀಸೆ ತಿರುವಿದ್ದೇ ತಿರುವಿದ್ದು.

ಆಗಸ್ಟಿನಲ್ಲಿ ಮಳೆ ಬಿಡುವು ಕೊಟ್ಟಾಗ ದೊಡ್ಡ ಉಬ್ಬರ ಬಂತು. ಕಟ್ಟ ಹೋಯಿತು. ತೆನೆ ಕಟ್ಟುವ ಹೊತ್ತಿನ ಪೈರು ಸುಟ್ಟ ಹಾಗೆ ಕೆಂಪಾಯಿತು.

ಪಕ್ಕದ ಎತ್ತರದ ಗದ್ದೆಯ ಚಂದಯ್ಯ ಶೆಟ್ಟರು ಅಂಚಿನಲ್ಲಿ ನಿಂತು, ಊರವರು ಕ್ರೈಸ್ತರನ್ನು ಕರೆಯುವ ಹೆಸರಿನಲ್ಲೇ ಕೂಗಿದರು: “ಹ್ವಾಯ್ ಪೊರ್ಬುಗಳೇ! ಎಂತ, ಈ ಸಲ ಭತ್ತ ಬಿಟ್ಟ್ ಉಪ್ಪ್ ಬೆಳೂದಾ?”

“ಹೌದ್ ಶೆಟ್ರೆ. ನಿಮ್ಮನಿ ಉಪ್ಪಿನ್ಕಾಯಿಗೆ ಎರ್ಡ್ ಸೇರ್ ಕಳ್ಸ್ತೆ!”

ಶೆಟ್ಟರ ಮುಖ ಸಣ್ಣದಾಯಿತು. “ತಮಾಷಿಗ್ ಹೇಳ್ದೆ ಮಾರಾಯ್ರೆ. ಕದ್ರ್ ನಾನೇ ಕೊಡ್ತಿದ್ದೆ. ನಮ್ಮಲ್ ಇನ್ನೂ ಹೊಸ್ತ್ ಆಯ್ಲಿಲ್ಲೆ ಅಲ್ದಾ?”

ಹೊಸ್ತಿನ ದಿನ ತಮ್ಮ ದೇವರ ಮುಂದೆ ಮೊದಲ ಕದಿರು ಇಡುವ ತನಕ ಶೆಟ್ಟರ ಗದ್ದೆಯಿಂದ ಒಂದು ತೆನೆಯೂ ಹೊರಗೆ ಹೋಗುವಂತಿಲ್ಲ. ಇನಾಸನಿಗೆ ಅದು ಗೊತ್ತು. ಗೊತ್ತಿಲ್ಲದಿದ್ದರೂ ಅವನು ಕೇಳುವ ಜನವಲ್ಲ.

ಮನೆಮಾತು ಕೊಂಕಣಿಯಾದರೂ ಸಿಟ್ಟು ಬಂದರೆ ಗಂಡ ಹೆಂಡತಿ ಇಬ್ಬರೂ ಕುಂದಾಪ್ರ ಕನ್ನಡಕ್ಕೆ ಇಳಿಯುತ್ತಿದ್ದರು. ಆ ಸಂಜೆ ಇನಾಸ ಮನೆಗೆ ಬಂದವನೇ ಗುಡುಗಿದ:

“ಸಾಕಾಯ್ತ್ ಹೆಣೆ! ಕದ್ರ್ ಇಲ್ದಿರೆ ನಾನ್ ಇಗರ್ಜಿ ಮೆಟ್ಲ್ ಹತ್ತೂದಿಲ್ಲ. ಈ ಗದ್ದೆಯೂ ಬ್ಯಾಡ. ಹೆಂಚಿನ ಕಾರ್ಖಾನೆಗ್ ಮಣ್ಣ್ ಹೊರುಕೆ ಹೋತೆ.”

“ಸಾಯ್ಬಿಣಿ ಕಾಣ್ತ್ರ್ ಬಿಡಿ.” ಮಾತೆ ಮರಿಯಳನ್ನು ಅವರು ಕರೆಯುವುದು ಹಾಗೆ.

“ಮದಿ ಆದಲ್ಲಿಂದ ಕಾಣ್ತಾ ಕೂತಿದ್ರ್! ಕಣ್ಣಿಗ್ ಪೊರೆ ಬಂದಿತ್ತಾ ಕೇಣ್!”

ಕ್ರಿಸ್ತಿನಾ ಕೊಡಪಾನ ಎತ್ತಿಕೊಂಡು ಮನೆ ಹಿಂದಿನ ಅಗೇಡಿಗೆ ನೀರು ಹೊಯ್ಯಲು ಹೋದಳು. ಭತ್ತದ ಸಸಿ ಎಬ್ಬಿಸುವ ಎತ್ತರದ ಮಡಿ ಅದು. ನೆಟ್ಟು ಉಳಿದ ಸಸಿಗಳನ್ನು ಕಿತ್ತು ದನಕ್ಕೆ ಹಾಕೆಂದು ಇನಾಸ ಜುಲೈಯಲ್ಲೇ ಹೇಳಿದ್ದ. ಗದ್ದೆ ಹೋದರೆ ಮತ್ತೆ ನೆಡಲಿಕ್ಕೆ ಬೇಕೆಂದು ಅವಳು ಕಿತ್ತಿರಲಿಲ್ಲ. ಗೊಬ್ಬರವಿಲ್ಲದೆ, ಒತ್ತೊತ್ತಾಗಿ ನಿಂತು, ಗಿಡ್ಡಗಿಡ್ಡಗೆ ಬೆಳೆದ ಆ ಸಸಿಗಳು ಸಾಯುವ ಹೆದರಿಕೆಗೋ ಎಂಬಂತೆ ಹೊತ್ತಿಗೆ ಮುಂಚೆಯೇ ತೆನೆ ಬಿಟ್ಟಿದ್ದವು.

ಹಬ್ಬದ ಹಿಂದಿನ ದಿನ ಅವನ್ನು ಕೊಯ್ದು ಬುಟ್ಟಿಯಲ್ಲಿ ತಂದಿಟ್ಟಳು. “ಕಾಣಿ, ಕದ್ರ್.”

“ಇದ್ ಕದ್ರಾ? ಇಲಿ ಮೀಸೆ! ಇದನ್ ಹಿಡ್ಕಂಡ್ ಹ್ವಾದ್ರೆ ಊರಿಗೂರೇ ನಗಾಡ್ತ್.”

“ನಗಾಡ್ಲಿ. ಕದ್ರ್ ಇಲ್ದಿರೆ ಮೆಟ್ಲ್ ಹತ್ತೂದಿಲ್ಲ ಅಂದ್ರಿ. ಈಗ ಇತ್ತಲೆ?”

ಸ್ವಂತ ಮಾತಿಗೇ ಸಿಕ್ಕಿಬಿದ್ದ ಇನಾಸ ಹಲ್ಲು ಕಡಿಯುತ್ತ ಬುಟ್ಟಿ ಹೊತ್ತ.

ಮರುದಿನ ಇಗರ್ಜಿಯಲ್ಲಿ ನಕ್ಕವರಿದ್ದರು. ಪಾದ್ರಿಗಳು ಮಾತ್ರ ನಗದೆ ಆಶೀರ್ವದಿಸಿ, “ಮನೆಗೊಂದರಂತೆ ಕೊಡಲು ಸಾಲದು ಇನಾಸ, ಮುರಿದು ಕೊಡು” ಎಂದರು. ಬೆವರಿಗೆ ಅಂಗಿ ಬೆನ್ನಿಗಂಟಿದ್ದರೂ ಅವನು ಮುರಿಮುರಿದು ಒಬ್ಬೊಬ್ಬರ ಕೈಗಿಟ್ಟ. ರೇಶನ್ ಅಕ್ಕಿಗೂ ತತ್ವಾರವಾದ ವರ್ಷ. ಆ ತುಂಡು ತೆನೆಯನ್ನೂ ಜನ ಕಣ್ಣಿಗೊತ್ತಿಕೊಂಡರು. ಮೊದಲು ನಕ್ಕವರೂ ಒತ್ತಿಕೊಂಡರು. ಅದನ್ನು ಕಂಡು ಇನಾಸ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. ಒರೆಸಿಕೊಂಡದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಕೊನೆಯ ತುಂಡು ಅವನ ಮನೆಗೆ ಉಳಿಯಿತು. ಒಲೆ ಮುಂದೆ ಕೂತು ಸುಲಿದ. ಜಳ್ಳು. ಮತ್ತೊಂದು ಸುಲಿದ. ಅದೂ ಜಳ್ಳು.

“ಕಾಣ್! ಊರಿಗೆಲ್ಲ ಕಾಳ್, ನಮ್ಗೆ ಜಳ್ಳ್! ಇದೇ ನಿನ್ ಸಾಯ್ಬಿಣಿ ನ್ಯಾಯ?”

“ಜಳ್ಳಾದ್ರೂ ಮಂತ್ರಿಸಿದ್ದೇ ಅಲ್ದಾ?” ಎಂದು ಕ್ರಿಸ್ತಿನಾ ಅದನ್ನೇ ಪಾಯಸಕ್ಕೆ ಹಾಕಿ ತಿರುವಿದಳು.

ಉಣ್ಣುವಾಗ ಹೊಟ್ಟು ಅವನ ಹಲ್ಲಿಗೆ ಸಿಕ್ಕಿತು. ಉಗುಳಲು ಧೈರ್ಯ ಬರಲಿಲ್ಲ. ನುಂಗಿ, ಎದ್ದು, ಹಾರೆ ಹುಡುಕಿದ.

“ಹಬ್ಬದ್ ದಿನ ಎಲ್ಲಿಗ್ ಹೋಪ್ದ್?”

“ಕಟ್ಟಕ್ಕೆ! ಮತ್ತೆಲ್ಲಿಗೆ? ನಿನ್ ಜಪ ಮುಗಿವರಿಗೂ ಉಬ್ಬರ ಕಾಯ್ತಾ?”

ಆಮೇಲೂ ಕಟ್ಟ ಒಡೆಯಿತು, ಅವನೂ ಕಟ್ಟಿದ. ಹೆಂಚಿನ ಕಾರ್ಖಾನೆಯ ಮಾತು ಮತ್ತೆ ಎತ್ತಲಿಲ್ಲ. ಆದರೆ ಪ್ರತಿ ವರ್ಷ ನೆಟ್ಟು ಮುಗಿದ ಮೇಲೆ ಅಗೇಡಿಯ ಒಂದು ಮೂಲೆಗೆ ಯಾರನ್ನೂ ಕೈಹಾಕಲು ಬಿಡುತ್ತಿರಲಿಲ್ಲ. ಅದು ಯಾತಕ್ಕೆಂದು ಚಂದಯ್ಯ ಶೆಟ್ಟರು ಬೇಕೆಂದೇ ಕೇಳಿದರೆ ಗದರುತ್ತಿದ್ದ: “ಅದ್ ದನಕ್ಕೆ ಮಾರಾಯ್ರೆ, ದನಕ್ಕೆ!”