ಮೆಟ್ಟಿಲು ಎಣಿಸುವ ಜೈನಬಿ

ಉದಯಪುರದ ಪಿಚೋಲಾ ಕೆರೆಯ ಮೇಲೆ ಇನ್ನೂ ಬೆಳಕು ಹರಿದಿಲ್ಲ. ಹಳೆಯ ಪೇಟೆಯ ಅಂಚಿನ ಸಣ್ಣದೊಂದು ಘಾಟಿನಲ್ಲಿ ಐವತ್ತೆಂಟರ ಹೆಂಗಸೊಬ್ಬರು ಚಪ್ಪಲಿ ಬಿಟ್ಟು, ಶಾಲು ಬಿಗಿದು ಕಟ್ಟಿ, ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದಾರೆ. ಪ್ರತಿ ಮೆಟ್ಟಿಲಿನ ಮೇಲೂ ಹಿಮ್ಮಡಿ ಊರುತ್ತಾರೆ, ತುಸು ತಿರುವುತ್ತಾರೆ, ಕಲ್ಲು ಜಾರದೆಂದು ಖಾತ್ರಿಯಾದ ಮೇಲೆ ಮುಂದಿನದು. ಬಾಯಲ್ಲಿ ಸಣ್ಣ ದನಿಯ ಉರ್ದು: "ಪಂದ್ರಾ, ಸೋಲಾ, ಸತ್ರಾ." ಹದಿನೇಳಕ್ಕೆ ನಿಲ್ಲುತ್ತಾರೆ. ಹದಿನೆಂಟನೆಯ ಮೆಟ್ಟಿಲು ನೀರಿನೊಳಗಿದೆ, ಅದರ ತುಂಬ ಪಾಚಿ. ತಿರುಗಿ ಹತ್ತತೊಡಗಿದಾಗ ಎಣಿಕೆ ಕನ್ನಡಕ್ಕೆ ಬರುತ್ತದೆ: ಒಂದು, ಎರಡು, ಮೂರು.

"ಇಳಿಯೂದು ಉರ್ದುದಾಗ, ಹತ್ತೂದು ಕನ್ನಡದಾಗ ಎಣಸ್ತೀನ್ರಿ" ಎನ್ನುತ್ತಾರೆ ಅಣ್ಣಿಗೇರಿ ಬದಿಯ ಶಲವಡಿಯ ಜೈನಬಿ. "ಒಂದ ಭಾಷಾದಾಗ ಎಣಿಸಿದ್ರ ಬಾಯಿ ಹಿಂದಿಂದು ನೆನಪ ಇಟ್ಟಿರತೈತಿ, ಸುಳ್ಳ ಹೇಳತೈತಿ. ಎರಡೂ ಕೂಡಿದ್ರ ಲೆಕ್ಕಾ ಖರೆ."

ಶಲವಡಿ, ಯರಗುಪ್ಪಿ ಸುತ್ತಿನ ಹಳ್ಳಿಗಳಿಂದ ಹನ್ನೆರಡು ದಿನಗಳ ಉತ್ತರ ಯಾತ್ರೆಗೆ ಹೊರಟ ಬಸ್ಸು ಧರ್ಮಶಾಲೆಯ ಮುಂದೆ ನಿಂತಿದೆ. ಧರ್ಮಶಾಲೆಯೊಳಗೆ ಮೂವತ್ತೆಂಟು ಜನ ಇನ್ನೂ ಹೊದಿಕೆಯಲ್ಲಿದ್ದಾರೆ. ಹೆಚ್ಚಿನವರು ಅರವತ್ತು ದಾಟಿದ ಹೆಂಗಸರು. ಯಾತ್ರೆಯ ಕರಪತ್ರದಲ್ಲಿ ಮಾಲಕರ ಹೆಸರಿದೆ, ಡ್ರೈವರ್ ಸರ್ಫರಾಜನ ಫೋನ್ ನಂಬರಿದೆ, ಕೊನೆಯ ಸಾಲಿನಲ್ಲಿ "ಊಟದ ವ್ಯವಸ್ಥೆ ಇದೆ" ಎಂದಿದೆ. ಆ ವ್ಯವಸ್ಥೆಯೇ ಜೈನಬಿ. ದಿನಕ್ಕೆ ನೂರಾ ಅರವತ್ತು ಜೋಳದ ರೊಟ್ಟಿ ಬಡಿಯುವುದು ಅವರ ಗೊತ್ತಿರುವ ಕೆಲಸ. ಕರಪತ್ರಕ್ಕೆ ಗೊತ್ತಿಲ್ಲದ ಕೆಲಸ ಇನ್ನೊಂದಿದೆ. ಯಾವ ಊರಿನಲ್ಲಿ ಯಾವುದನ್ನು ನೋಡಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಉಳಿದವರು ಏಳುವ ಮೊದಲು ಅವರು ನಡೆದು, ಎಣಿಸಿ, ಗೊತ್ತು ಮಾಡುತ್ತಾರೆ.

ಏಳು ವರ್ಷದ ಹಿಂದೆ ಮೊದಲ ಸಲ ಬಸ್ಸು ಹತ್ತಿದಾಗ ಅವರಿಗೆ ಬೇರೊಂದು ಸಂಗತಿ ಕಣ್ಣಿಗೆ ಬಿತ್ತು. ಹೆಂಗಸರು ಬೆಳಗಿನಿಂದ ನೀರೇ ಕುಡಿಯುತ್ತಿರಲಿಲ್ಲ. "ಕುಡದ್ರ ಇಳೀಬೇಕಲ್ರಿ. ಎಲ್ಲಿ ಇಳಿಯೂದು? ಸರ್ಫರಾಜಗ ಬಾಯಿ ಬಿಟ್ಟ ಹೇಳಾಕ ನಾಚಿಕಿ. ಬಾಯಿ ಒಣಗಿಸಿಕೊಂಡ ಕೋಟಿ, ಅರಮನಿ ನೋಡಾವ್ರು." ಅಂದಿನಿಂದ ಪಾಯಖಾನೆ ಇಲ್ಲದ ಜಾಗ ಎಷ್ಟೇ ದೊಡ್ಡದಿರಲಿ, ಜೈನಬಿಯ ಪಟ್ಟಿಯಲ್ಲಿ ಅದಕ್ಕೆ ಸ್ಥಾನವಿಲ್ಲ.

ಯಾತ್ರೆಗೆ ಹದಿನೈದು ದಿನ ಮೊದಲು ಅವರು ಹೊರಡುವವರೆಲ್ಲರ ಮನೆಗೆ ಹೋಗಿ ಬರುತ್ತಾರೆ. ಆರೋಗ್ಯದ ವಿಚಾರ ಮಾತ್ರ ಕೇಳುವುದಿಲ್ಲ. "ಕೇಳಿದ್ರ ಎಲ್ಲಾರೂ ಆರಾಮಽ ಇರತಾರ. ನಾ ಚಹಾ ಕುಡದು, ಹೋಗಿ ಬರತೀನಿ ಅಂತ ಏಳತೀನಿ. ಕಳಸಾಕ ಅವರೂ ಏಳತಾರಲ್ಲಾ, ಆಗ ನೋಡತೀನಿ. ಒಂದ ಕೈ ಊರಿ ಎದ್ರ ಒಂದ ಹೊತ್ತಿಗೆ ಇನ್ನೂರ ಮೆಟ್ಲಾ. ಎರಡೂ ಕೈ ಊರಿದ್ರ ನೂರು. ಗೋಡಿ ಹಿಡಕೊಂಡ್ರ ನಲವತ್ತು, ಅದರ ಮ್ಯಾಲ ಒಂದೂ ಇಲ್ಲ."

ಈ ಬಸ್ಸಿನಲ್ಲಿ ಗೋಡೆ ಹಿಡಿದು ಎದ್ದವರು ಒಬ್ಬರೇ. ನವಲಗುಂದ ತಾಲೂಕಿನ ಒಂದು ಹಳ್ಳಿಯ ಮರೆವ್ವ, ವಯಸ್ಸು ಎಪ್ಪತ್ತೊಂದು. ಊರಿನ ಹೆಸರು ಬರೆಯುವುದು ಬೇಡ ಎನ್ನುತ್ತಾರೆ. ಅವತ್ತು ಚಹಾ ಕುಡಿಯುತ್ತ ಅವರು ಜೈನಬಿಗೆ ಕೇಳಿದ್ದು ಒಂದೇ ಮಾತು. "ದೊಡ್ಡ ಕೆರಿ ಐತಂತಲ್ಲಾ ಆ ಊರಾಗ, ಅದಕ್ಕ ಮೆಟ್ಲಾ ಅದಾವೇನವಾ?"

ಎರೆಸೀಮೆಯವರಿಗೆ ಈ ಪ್ರಶ್ನೆಯ ತೂಕ ತಿಳಿಯುತ್ತದೆ. ಅಲ್ಲಿ ಬಾವಿ ತೋಡಿದರೆ ಸವಳು ನೀರು. ಕುಡಿಯಲು ಇರುವುದು ಕೆರೆಯೊಂದೇ. ದೇವರ ಮುಂದೆ ಸುಳ್ಳು ಹೇಳಿದವನಾದರೂ ಉಳಿದಾನು, ಕೆರೆಯಲ್ಲಿ ಕಾಲು ತೊಳೆದವನು ಉಳಿಯಲಾರ ಎಂದು ಹಿರಿಯರು ಹೇಳುತ್ತಿದ್ದರು. ಚಪ್ಪಲಿ ದಂಡೆಯಲ್ಲೇ ಬಿಟ್ಟು, ಕೈಮುಗಿದು, ಮೆಟ್ಟಿಲು ಇಳಿದು ಕೊಡ ತುಂಬುತ್ತಿದ್ದರು. ಮರೆವ್ವನ ಕೇರಿಯವರಿಗೆ ಆ ಮೆಟ್ಟಿಲು ಇಳಿಯಲು ಬಿಡುತ್ತಿರಲಿಲ್ಲ. ದಂಡೆಯ ಮೇಲೆ ಖಾಲಿ ಕೊಡ ಇಟ್ಟು ನಿಲ್ಲಬೇಕು. ಯಾರಾದರೂ ತುಂಬಿಕೊಂಡು ಹತ್ತಿ ಬಂದು, ಕೊಡ ಮುಟ್ಟದಂತೆ ಮೇಲಿನಿಂದ ಸುರಿಯಬೇಕು.

"ನಾ ದೊಡ್ಡಾಕಿ ಆಗೂದರಾಗ ಕಾಲ ಬದಲಾತು. ಇಳೀರಿ, ಯಾರೂ ಏನೂ ಅನ್ನೂದಿಲ್ಲ ಅಂದ್ರು" ಎನ್ನುತ್ತಾರೆ ಮರೆವ್ವ. "ಅಷ್ಟರಾಗ ನಳಾ ಬಂತು. ಕೆರಿ ಸುತ್ತ ಬೇಲಿ ಹಾಕಿ ಗೇಟಿಗೆ ಕೀಲಿ ಜಡದ್ರು. ಈಗ ಯಾರೂ ಇಳಿಯೂದಿಲ್ಲ. ಎಲ್ಲಾರೂ ಒಂದಽ." ಹೇಳಿ ನಗುತ್ತಾರೆ. ಕೆರೆಯ ಮೆಟ್ಟಿಲನ್ನು ಅವರು ಜೀವಮಾನದಲ್ಲಿ ಇಳಿದೇ ಇಲ್ಲ.

ಈ ಬೆಳಗಿನ ಹೊತ್ತಿಗೆ ಜೈನಬಿಯ ಲೆಕ್ಕ ಹೀಗಿದೆ: ಘಾಟಿಗೆ ಹದಿನೇಳು ಇಳಿಯಬೇಕು, ಹದಿನೇಳು ಹತ್ತಬೇಕು. ಅಲ್ಲಿಂದ ಮುಂದೆ ಹೋಗಲು ಬಸ್ಸಿಗೆ ಮೂರು ಹತ್ತಬೇಕು, ಮೂರು ಇಳಿಯಬೇಕು. ಕೂಡಿದರೆ ನಲವತ್ತು. ಒಂದೂ ಉಳಿಯುವುದಿಲ್ಲ.

ಏಳು ಗಂಟೆಗೆ ಧರ್ಮಶಾಲೆಯ ಅಂಗಳದಲ್ಲಿ ಮಂಡಕ್ಕಿಯ ಸುಸಲಾ ಬಡಿಸುತ್ತಿರುವಾಗ ಬಸಣ್ಣ ಕರಪತ್ರ ಬಿಡಿಸುತ್ತಾರೆ. ಯರಗುಪ್ಪಿಯ ನಿವೃತ್ತ ಗುಮಾಸ್ತರು, ಕಿಸೆಯಲ್ಲಿ ಸದಾ ಕೆಂಪು ಪೆನ್ನು. ಮಧ್ಯಾಹ್ನದ ಹೊತ್ತಿಗೆ ಬಸ್ಸು ನಾಥದ್ವಾರಕ್ಕೆ ಹೊರಡಲೇಬೇಕು, ಅಲ್ಲಿಯ ದರ್ಶನದ ವೇಳೆ ಯಾರಿಗೂ ಕಾಯುವುದಿಲ್ಲ.

"ಉದಯಪುರದಾಗ ಒಂಬತ್ತ ಜಾಗಾ ಬರದಾರ. ಎಷ್ಟ ತೋರಸ್ತಿ?"

"ಎರಡು, ಕಾಕಾ. ಕೆರಿ ಘಾಟು, ಆಮ್ಯಾಲ ಕಾರಂಜಿ ತೋಟ."

"ಉಳದ ಏಳು ಏನು, ಯರಗುಪ್ಪಿಗೆ ಪಾರ್ಸಲ್ ಬರತಾವ?"

ಹೆಂಗಸರು ನಗುತ್ತಾರೆ. ಬಸಣ್ಣ ನಗುವುದಿಲ್ಲ. "ಅರಮನಿ ಒಳಗ ಹೋಗೂದಿಲ್ಲ. ದೋಣಿ ಇಲ್ಲ. ಜಗದೀಶ ಮಂದಿರಾನೂ ಇಲ್ಲ. ಗುಡಿ ಬಿಡಿಸಿ ಕೆರಿ ತೋರಸ್ತಿ. ಹೆಂಗ ಇದು, ಜೈನಬಿ?"

ಆ ಕೊನೆಯ ಹೆಸರನ್ನು ಬಸಣ್ಣ ಬೇರೆಯೇ ಧಾಟಿಯಲ್ಲಿ ಕರೆದದ್ದು ಎಲ್ಲರಿಗೂ ಕೇಳಿಸಿದೆ. ಜೈನಬಿ ಸೌಟು ಕೆಳಗಿಡುವುದಿಲ್ಲ.

"ಗುಡಿಗೆ ಮೂವತ್ತೆರಡು ಮೆಟ್ಲಾ, ನೆಟ್ಟಗ ಏರತಾವ. ಹನ್ನೊಂದು ಮಂದಿ ಕೆಳಗ ಉಳಿತಾರ. ದೇವರ ಬಾಗಲದಾಗ ಅವರನ್ನ ರಸ್ತಾದ ಮ್ಯಾಲ ಕುಂದ್ರಸೂದು ನನ್ನ ಕಡಿಂದ ಆಗೂದಿಲ್ಲ. ನಾಥದ್ವಾರದಾಗ ಎಲ್ಲಾರೂ ಕೂಡೇ ಹೋಗೂಣು."

ಬಸಣ್ಣ ಎದ್ದು ಹೋಗಿ ಮಾಲಕರಿಗೆ ಫೋನ್ ಹಚ್ಚುತ್ತಾರೆ. ಸ್ವಲ್ಪ ಹೊತ್ತಿಗೆ ಸರ್ಫರಾಜನ ಫೋನು ಬಡಿದುಕೊಳ್ಳುತ್ತದೆ. ಅವನು ಕೇಳಿಸಿಕೊಂಡು ಬಂದು ತಗ್ಗಿದ ದನಿಯಲ್ಲಿ ಹೇಳುತ್ತಾನೆ: "ಖಾಲಾ, ನಿನಗ ತಿಳದಂಗ ಮಾಡಂತ. ಆದ್ರ ಈ ಸಲ ಯಾರರ ಬಿದ್ರ, ಮುಂದಿನ ಟ್ರಿಪ್ಪಿಗೆ ನೀ ಬರೂದು ಬ್ಯಾಡಂತ."

'ಈ ಸಲ' ಎಂಬುದಕ್ಕೆ ಹಿನ್ನೆಲೆಯಿದೆ. ಎರಡು ವರ್ಷದ ಹಿಂದೆ ಬೇರೊಂದು ಊರಿನ ಬೆಟ್ಟದ ಕೋಟೆಯಲ್ಲಿ ದೇವಿಕೊಪ್ಪದ ಶಿವಗಂಗಾ ಬಿದ್ದು ಸೊಂಟ ಮುರಿದುಕೊಂಡರು. ಬಸ್ಸು ಮುಂದೆ ಹೋಯಿತು, ಜೈನಬಿ ಆರು ದಿನ ಆಸ್ಪತ್ರೆಯ ನೆಲದ ಮೇಲೆ ಮಲಗಿದರು. "ಹತ್ತೂ ದಾರಿ ಮೆಟ್ಲಾ ಎಣಿಸಿದ್ದೆ. ಇಳಿಯೂ ದಾರಿ ಬ್ಯಾರೆ ಇತ್ತು, ಅದನ್ನ ಎಣಿಸಿರಲಿಲ್ಲ. ತಪ್ಪು ನಂದಽ" ಎನ್ನುತ್ತಾರೆ. ಶಲವಡಿಯ ಮನೆಯಲ್ಲಿ ಅವರಿಗೆ ಕಾಯುವವರಿಲ್ಲ. ಗಂಡ ತೀರಿಕೊಂಡು ಹದಿನಾಲ್ಕು ವರ್ಷ, ಮಗಳು ರೂಬಿನಾ ಮದುವೆಯಾಗಿ ಕುಂದಗೋಳದಲ್ಲಿದ್ದಾಳೆ. ವರ್ಷಕ್ಕೆ ಆರು ಸಲ ಬರುವ ಈ ಬಸ್ಸೇ ಅವರ ಊರು, ಅದೇ ಅವರ ಕೇರಿ.

ಎಂಟು ಗಂಟೆಗೆ ಘಾಟಿನ ಮೇಲೆ ಮೂವತ್ತೆಂಟು ಜನ ನಿಂತಿದ್ದಾರೆ. ಆಚೆ ದಂಡೆಯಲ್ಲಿ ಅರಮನೆ ನೀರಿನಿಂದಲೇ ಎದ್ದಂತೆ ಬೆಳ್ಳಗೆ ಕಾಣುತ್ತದೆ. ಮರೆವ್ವನ ಊರಿನವರೇ ಆದ ಅನ್ನವ್ವ, ಅವರದೇ ವಯಸ್ಸಿನವರು, ಚಹಾ ಮಾರುವವನನ್ನು ಜೈನಬಿಯಿಂದ ಒಂದು ಮಾತು ಕೇಳಿಸುತ್ತಾರೆ: ಈ ನೀರು ಕುಡಿಯುತ್ತಾರೆಯೇ? ಊರಿಗೆಲ್ಲ ಇದೇ ನೀರು ಎಂದು ಅವನ ಉತ್ತರ.

"ಕುಡಿಯೂ ನೀರಾಗ ದೋಣಿ ಬಿಟ್ಟಾರ?" ಅನ್ನವ್ವ ಗಲ್ಲದ ಮೇಲೆ ಕೈಯಿಡುತ್ತಾರೆ. "ನಡುವ ಮನಿ ಬ್ಯಾರೆ ಕಟ್ಯಾರ. ಇವರ ಊರಾಗ ದಂಡಾ ಹಾಕಾವ್ರು ಯಾರೂ ಇಲ್ಲೇನು?"

ಮರುಕ್ಷಣ ಅವರು ಚಪ್ಪಲಿ ಕಳಚುತ್ತಾರೆ. ನೋಡಿದ ಉಳಿದವರೂ ಒಬ್ಬೊಬ್ಬರಾಗಿ ಕಳಚುತ್ತಾರೆ. ಫೋಟೊಕ್ಕೆಂದು ಬಂದ ಪ್ರವಾಸಿಗರು ಕ್ಯಾಮೆರಾ ತಗ್ಗಿಸಿ ದಾರಿ ಬಿಡುತ್ತಾರೆ. ದೋಣಿ ಏಕಿಲ್ಲ ಎಂದು ಆಮೇಲೆ ಯಾರೂ ಕೇಳುವುದಿಲ್ಲ. ಬಸಣ್ಣನೂ ಬೂಟಿನ ಲೇಸು ಬಿಚ್ಚುತ್ತಿದ್ದಾರೆ.

ಮರೆವ್ವ ಚೀಲದಿಂದ ತಾಮ್ರದ ತಂಬಿಗೆ ತೆಗೆಯುತ್ತಾರೆ. ಮೊದಲ ಮೆಟ್ಟಿಲಿಗೆ ಕಾಲಿಡುವ ಮೊದಲೇ ಅನ್ನವ್ವ ಬಂದು ತಂಬಿಗೆಗೆ ಕೈಹಾಕುತ್ತಾರೆ.

"ಕೊಡು, ಮರೆವ್ವಾ. ಜಾರತೈತಿ. ನಾ ತುಂಬಿ ತರತೀನಿ, ನೀ ಇಲ್ಲೇ ನಿಂದ್ರು."

ಮಾತಿನಲ್ಲಿ ಅಂತಃಕರಣವಲ್ಲದೆ ಬೇರೇನೂ ಇಲ್ಲ. ಮರೆವ್ವ ತಂಬಿಗೆ ಬಿಡುವುದಿಲ್ಲ. ಅನ್ನವ್ವನೂ ಬಿಡುವುದಿಲ್ಲ. ಇಬ್ಬರ ಕೈಯಲ್ಲಿ ತಂಬಿಗೆ ಹಾಗೇ ನಿಲ್ಲುತ್ತದೆ. ಚಿಕ್ಕಂದಿನಲ್ಲಿ ಊರ ಕೆರೆಯ ದಂಡೆಯ ಮೇಲೆ ಸುರಿಯುತ್ತಿದ್ದವರಲ್ಲಿ ಅನ್ನವ್ವನೂ ಒಬ್ಬರು. ಅದು ಅವರಿಗೆ ನೆನಪಿಲ್ಲ, ಅಥವಾ ಈಗಷ್ಟೇ ನೆನಪಾಗುತ್ತಿದೆ.

"ಅನ್ನವ್ವಾರ," ಎನ್ನುತ್ತಾರೆ ಮರೆವ್ವ.

ಹಿಂದಿನಿಂದ ಬಸಣ್ಣ: "ಕೊಡಬೇ ಮುದುಕಿ, ತುಂಬಿ ತರತಾರಲ್ಲಾ. ಬಿದ್ದಿ ಗಿದ್ದಿ."

ಈಗ ಎಲ್ಲರೂ ನೋಡುತ್ತಿರುವುದು ಜೈನಬಿಯನ್ನು. ಅನ್ನವ್ವ ತುಂಬಿ ತಂದರೆ ಯಾರೂ ಬೀಳುವುದಿಲ್ಲ. ಮುಂದಿನ ಯಾತ್ರೆಯೂ ಉಳಿಯುತ್ತದೆ. ಜೈನಬಿ ಒಮ್ಮೆ ನೀರಿನ ಕಡೆ ನೋಡುತ್ತಾರೆ, ಒಮ್ಮೆ ಮರೆವ್ವನ ಮೊಣಕಾಲಿನ ಕಡೆ.

"ತಂಬಗಿ ಬಿಡ್ರಿ, ಅನ್ನವ್ವಕ್ಕಾ. ಅಕಿ ಇಳಿಯಾಕ ಬಂದಾಳ."

ಅನ್ನವ್ವನ ಬೆರಳು ಸಡಿಲಾಗುತ್ತವೆ.

ಮರೆವ್ವ ಕುಳಿತು ಇಳಿಯುತ್ತಾರೆ. ಎರಡೂ ಕೈ ಹಿಂದೆ ಊರಿ, ಕಾಲು ಮುಂದೆ ಚಾಚಿ, ಮೈಯನ್ನು ಒಂದು ಮೆಟ್ಟಿಲು ಕೆಳಗೆ ಇಳಿಬಿಡುತ್ತಾರೆ. ತಂಬಿಗೆಯನ್ನು ಪಕ್ಕದಲ್ಲಿಟ್ಟುಕೊಂಡು, ಇಳಿದಂತೆಲ್ಲ ಎತ್ತಿ ಕೆಳಗಿಡುತ್ತಾರೆ. ಜೈನಬಿ ಒಂದು ಮೆಟ್ಟಿಲು ಮುಂದೆ, ಮುಖ ಅವರ ಕಡೆ ಮಾಡಿ, ಹಿಮ್ಮೊಗವಾಗಿ ಇಳಿಯುತ್ತಾರೆ. "ನವ್, ದಸ್." ಹನ್ನೊಂದರಲ್ಲಿ ಮರೆವ್ವನ ಕೈ ಜಾರುತ್ತದೆ. ಮೇಲೆ ಯಾರೋ "ಯವ್ವಾ" ಎನ್ನುತ್ತಾರೆ. ಜೈನಬಿಯ ಅಂಗೈ ಅವರ ಎದೆಗೆ ಅಡ್ಡ ಬಂದಿದೆ. ಇಬ್ಬರೂ ಉಸಿರು ತೆಗೆದುಕೊಳ್ಳುತ್ತಾರೆ. "ಗ್ಯಾರಾ," ಎನ್ನುತ್ತಾರೆ ಜೈನಬಿ. "ಮುಂದಿಂದು ಸಪಾಟ ಐತಿ."

ಹದಿನೇಳನೆಯ ಮೆಟ್ಟಿಲ ಮೇಲೆ ಕುಳಿತಾಗ ಹೊಸ ತೊಡಕು. ನೀರು ಕಾಣುತ್ತದೆ, ಕೈಗೆ ಎಟುಕುವುದಿಲ್ಲ. ಬೆಳಗಿನ ಎಣಿಕೆಯಲ್ಲಿ ಜೈನಬಿ ಇದೊಂದನ್ನು ನೋಡಿರಲಿಲ್ಲ. ಬಗ್ಗಿದರೆ ಮುಂದಕ್ಕೆ ಬೀಳುವ ಅಂಜಿಕೆ. ಹದಿನೆಂಟರ ಮೇಲೆ ಕಾಲಿಟ್ಟರೆ ಸಾಕು, ಆದರೆ ಮರೆವ್ವ ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಾರೆ. "ಕುಡಿಯೂ ನೀರಾಗ ನಾ ಕಾಲ ಇಡೂದಿಲ್ಲ, ಜೈನಬಿ. ಸಾಕು, ನೋಡಿದ್ನಲ್ಲಾ. ಹತ್ತೂಣು ನಡಿ."

ಜೈನಬಿಯೂ ಕೆರೆಯ ನೀರು ಕುಡಿದು ಬೆಳೆದವರು. ಒಂದು ಗಳಿಗೆ ಕಣ್ಣು ಮುಚ್ಚುತ್ತಾರೆ, ತುಟಿ ಅಲುಗುತ್ತವೆ. ಆಮೇಲೆ ಪಾಚಿಯ ಮೆಟ್ಟಿಲಿಗೆ ಕಾಲಿಡುತ್ತಾರೆ. ಮೇಲೆ ಹೆಂಗಸರ ಗುಂಪಿನಿಂದ ಒಂದು ಸಣ್ಣ ಉದ್ಗಾರ ಏಳುತ್ತದೆ. ಕಣಕಾಲಮಟ ನೀರಿನಲ್ಲಿ ಕಾಲು ಅಗಲಿಸಿ ನಿಂತು, ಹೆಗಲು ಮುಂದೊಡ್ಡುತ್ತಾರೆ.

"ಪಾಪ ನನಗ ಬರಲಿ. ಹೆಗಲ ಮ್ಯಾಲ ಕೈಯಿಟ್ಟ ಬಗ್ಗಬೇ ಆಯಿ."

ಮರೆವ್ವ ಬಗ್ಗುತ್ತಾರೆ. ತಂಬಿಗೆ ನೀರಿಗೆ ತಾಗುತ್ತದೆ, ಗುಳುಗುಳು ಸದ್ದು ಮಾಡಿ ತುಂಬುತ್ತದೆ. ಎತ್ತಿ ಮಡಿಲಲ್ಲಿಟ್ಟುಕೊಳ್ಳುತ್ತಾರೆ. ಕುಡಿಯುವುದಿಲ್ಲ, ತಲೆಗೂ ಹಾಕಿಕೊಳ್ಳುವುದಿಲ್ಲ. ಹಸಿ ಕೈಯನ್ನೊಮ್ಮೆ ಮಾತ್ರ ನೋಡಿಕೊಳ್ಳುತ್ತಾರೆ.

ಹತ್ತುವಾಗ ಕನ್ನಡದ ಎಣಿಕೆ. ಹನ್ನೆರಡರಲ್ಲಿ ಅನ್ನವ್ವ ಎದುರು ಇಳಿದು ಬಂದು ಕೈ ಚಾಚುತ್ತಾರೆ. ಮರೆವ್ವ ತಂಬಿಗೆಯನ್ನು ಎಡಗೈಗೆ ಬದಲಿಸಿಕೊಂಡು ಬಲಗೈ ಕೊಡುತ್ತಾರೆ. "ಹದಿನೇಳು" ಎಂದಾಗ ಮೂವರೂ ಮೇಲಿದ್ದಾರೆ.

ಕಾರಂಜಿ ತೋಟದ ಹುಲ್ಲಿನ ಮೇಲೆ ಮಂದಿ ಬುತ್ತಿ ಬಿಚ್ಚಿದ್ದಾರೆ. ಬಸಣ್ಣ ದೂರದಲ್ಲಿ ನಿಂತು ಮತ್ತೆ ಫೋನಿನಲ್ಲಿದ್ದಾರೆ. ಮಾತು ಕೇಳಿಸುತ್ತಿಲ್ಲ, ಕೈಸನ್ನೆ ದೊಡ್ಡದಿದೆ. ಜೈನಬಿ ಒದ್ದೆ ಸೀರೆಯ ಅಂಚು ಹಿಂಡುತ್ತ ಅತ್ತ ನೋಡುತ್ತಾರೆ. ಮುಂದಿನ ಯಾತ್ರೆಗೆ ಕರೆ ಬರುತ್ತದೋ ಇಲ್ಲವೋ ಅವರಿಗೂ ತಿಳಿಯದು.

"ಯಾರೂ ಬೀಳಲಿಲ್ಲಲ್ರಿ. ಅಷ್ಟ ಸಾಕು" ಎನ್ನುತ್ತಾರೆ. ಸೀರೆಯ ಅಂಚು ಕೊಡವಿ, "ಕೆಲಸಾ ಬಿಡಿಸಿದ್ರ ಬಿಡಿಸಲಿ. ರೊಕ್ಕಾ ಕೊಟ್ಟ ಸೀಟ್ ಹಿಡದು ಬರತೀನಿ. ಬ್ಯಾರೆ ಯಾರರ ಎಣಿಸಿಟ್ಟ ಮೆಟ್ಲಾ ಒಮ್ಮೆ ನಾನೂ ಹತ್ತಬೇಕು, ಸುಮ್ನ, ಮಾತಾಡಕೋತ."