ಉಳಬೇಡಿ, ಅವರೆ ಹೂಬಿಟ್ಟಿದೆ

ಅವರೆ ಬಳ್ಳಿಯಷ್ಟು ಹಟಮಾರಿ ಸಸ್ಯ ಇನ್ನೊಂದಿಲ್ಲವೆಂದು ನನಗೆ ಮನವರಿಕೆಯಾದದ್ದು ಮಿಶಿಗನ್ನಿನ ಕ್ಯಾಂಟನ್ನಿಗೆ ಬಂದು ನೆಲೆಸಿದ ಮೇಲೆ. ಬೇಸಿಗೆಯುದ್ದಕ್ಕೂ ಸಿಕ್ಕಿದ್ದನ್ನೆಲ್ಲ ತಬ್ಬಿಕೊಂಡು ಬರೀ ಎಲೆಯಲ್ಲೇ ಮೆರೆಯುವ ಈ ಮಹಾತಾಯಿ, ಹಗಲು ಕಿರಿದಾಗಿ ಊರವರೆಲ್ಲ ಸ್ವೆಟರ್ ಹುಡುಕುವ ಸೆಪ್ಟೆಂಬರಿನ ಕೊನೆಗೆ, ಸಾವಕಾಶವಾಗಿ ಹೂಬಿಡುತ್ತಾಳೆ.

ಇಲ್ಲಿನ ಸಮುದಾಯ ತೋಟದಲ್ಲಿ ನನಗೊಂದು ತುಂಡು ನೆಲ ಕೊಟ್ಟಿದ್ದರು. ಅಕ್ಕಪಕ್ಕದವರು ಟೊಮೆಟೊ ಗಿಡಗಳನ್ನು ಪ್ರಾರ್ಥನೆಗೆ ನಿಂತ ಶಾಲೆಯ ಮಕ್ಕಳಂತೆ ಸಾಲಾಗಿ ನಿಲ್ಲಿಸಿದರೆ, ನಾನು ಜೋಳದ ದಂಟಿಗೆ ಅವರೆ, ಅದರ ನೆರಳಿಗೆ ಸೊಪ್ಪು, ನೆಲಕ್ಕೆ ಹೊದಿಕೆಯಾಗಿ ಕುಂಬಳ, ಸಂದಿಯಲ್ಲೆಲ್ಲ ಚೆಂಡುಹೂವು ಎಂದು ಎಲ್ಲರನ್ನೂ ಸಕುಟುಂಬ ಸಪರಿವಾರವಾಗಿಯೇ ಕೂಡಿಸಿದ್ದೆ. ನನ್ನ ಕೃಷಿಪಾಂಡಿತ್ಯವೆಲ್ಲ ವಿಡಿಯೋ ನೋಡಿ ಬಂದದ್ದು. ಮೈಸೂರಿನಲ್ಲಿದ್ದಾಗ ಕುಂಡದ ತುಳಸಿಯನ್ನೂ ಒಣಗಿಸಿದವಳು ನಾನು. ಡೈರಿಯಿಂದ ಕಾರಿನಲ್ಲಿ ತಂದ ಸಗಣಿಗೆ ಇಂಡಿಯನ್ ಸ್ಟೋರಿನ ಬೆಲ್ಲ, ಕಡಲೆಹಿಟ್ಟು ಕಲಸಿ ಗ್ಯಾರೇಜಿನಲ್ಲಿ ಜೀವಾಮೃತವೆಂಬ ಗೊಬ್ಬರ ಕೊಳೆಯಲಿಟ್ಟಾಗ, ಪತಿರಾಯರ ಗಾಲ್ಫ್ ಚೀಲಕ್ಕೂ ಗೋಮಾತೆಯ ಆಶೀರ್ವಾದ ಲಭಿಸಿತು. ಆದರೇನು, ಇಟ್ಟಿಗೆಯಂತಿದ್ದ ಮಣ್ಣು ಬೆರಳು ಇಳಿಯುವಷ್ಟು ಮೆದುವಾಯಿತು, ಎರೆಹುಳು ಬಂದವು. ಆ ಮಣ್ಣಿನ ಬಗ್ಗೆ ನನಗೆ ನಾಚಿಕೆಗೆಟ್ಟ ಹೆಮ್ಮೆ.

ತೋಟ ನೋಡಿಕೊಳ್ಳುವ ಲಿಂಡಾ ಒಳ್ಳೆಯವರೇ. ಆದರೆ ಬರಿಮಣ್ಣು ಕಂಡರೆ ಮಾತ್ರ ಅವರಿಗೆ ನೆಮ್ಮದಿ. ಸೆಪ್ಟೆಂಬರ್ ಮುಗಿಯುವಷ್ಟರಲ್ಲಿ ಎಲ್ಲರೂ ಗಿಡ ಕಿತ್ತು ಜಾಗ ಬಿಡಬೇಕು, ಟ್ರ್ಯಾಕ್ಟರ್ ಬಂದು ಉಳಬೇಕು, ಇದು ಅಲ್ಲಿನ ನಿಯಮ. ಆ ಶನಿವಾರ ಟ್ರ್ಯಾಕ್ಟರ್ ಬಂದೇಬಿಟ್ಟಿತು. ನನ್ನ ಬಳ್ಳಿಯ ತುಂಬ ಆಗಷ್ಟೇ ಬಿರಿದ ಹೂವು.

"ಹೋಗ್ಲಿ ಬಿಡೇ, ಕಿತ್ತಾಕ್ಬಿಡೋಣ. ಫ್ರೋಜನ್ ಅವರೆಕಾಳು ಸ್ಟೋರಲ್ಲಿ ಸಿಗತ್ತಲ್ಲ" ಎಂದರು ಪತಿರಾಯರು.

"ಅಮ್ಮಾ, ಪ್ಲೀಸ್, ಡೋಂಟ್ ಮೇಕ್ ಅ ಸೀನ್" ಎಂದಳು ಮಗಳು.

ಮಾಡಿದೆ. ಕಾರಿನಲ್ಲಿದ್ದ ಮಡಿಸುವ ಕುರ್ಚಿ ತಂದು ಕುಂಬಳದ ಬಳ್ಳಿಗಳ ನಡುವೆ ಹಾಕಿ ಕೂತೆ. ನೀವೇ ಹೇಳಿ, ಮೈಮುಚ್ಚಿಕೊಂಡು ಸುಖವಾಗಿರುವ ನೆಲವನ್ನು ಚಳಿಗಾಲ ಬರುವ ಹೊತ್ತಿಗೇ ಬತ್ತಲು ಮಾಡಿ, ಹೊಟ್ಟೆ ಬಗೆದು, ಅದನ್ನು ಅಚ್ಚುಕಟ್ಟು ಎಂದು ಕರೆಯುವುದು ಯಾವ ನ್ಯಾಯ? ನನಗೆ ಸಿಟ್ಟು ನೆತ್ತಿಗೇರಿತ್ತು.

ನಿಯಮ ಎಲ್ಲರಿಗೂ ಒಂದೇ, ಈಗ ಏಳದಿದ್ದರೆ ಮುಂದಿನ ವರ್ಷ ಈ ಜಾಗ ಬೇರೆಯವರಿಗೆ ಎಂದರು ಲಿಂಡಾ. ಆ ಮಣ್ಣು ಕೈತಪ್ಪುವುದೆಂದರೆ ಸಂಕಟವೇ, ಸುಳ್ಳೇಕೆ. ಆದರೂ ನನ್ನ ಮೈಸೂರು ಇಂಗ್ಲಿಷಿನಲ್ಲಿ ಹೇಳಿಯೇಬಿಟ್ಟೆ: ಮುಂದಿನ ವರ್ಷ ಯಾರಿಗೆ ಬೇಕಾದರೂ ಕೊಡಿ, ಈ ವರ್ಷ ಮಾತ್ರ ಉಳಲು ಬಿಡುವುದಿಲ್ಲ. ಟ್ರ್ಯಾಕ್ಟರ್ ನನ್ನ ತುಂಡು ನೆಲವನ್ನು ಸುತ್ತುಬಳಸಿ ಹೋಯಿತು.

ಅಕ್ಟೋಬರಿನಲ್ಲಿ ಒಂದೇ ರಾತ್ರಿಯ ಹಿಮಕ್ಕೆ ಬಳ್ಳಿ ಕಪ್ಪಾಗಿ ಜೋತುಬಿತ್ತು. ಅದಕ್ಕೆ ಮುಂಚೆ ಸಿಕ್ಕ ಎಳೆಕಾಯಿ ಒಂದು ಹೊತ್ತಿನ ಹುಳಿಗೂ ಸಾಲಲಿಲ್ಲ. ಲಿಂಡಾ ಆಡಿದಂತೆ ನಡೆದುಕೊಂಡರು, ಜಾಗ ಹೋಯಿತು. ಎರಡು ದಿನ ಅತ್ತೆ.

ಮೂರನೆಯ ದಿನ, ನೆರೆಯವರು ಚೀಲಗಳಲ್ಲಿ ತುಂಬಿ ರಸ್ತೆಯಂಚಿಗಿಟ್ಟಿದ್ದ ಮೇಪಲ್ ಎಲೆಗಳನ್ನು ಎಳೆದು ತಂದು, ಕೆಳಗಿನ ಹುಲ್ಲು ಸತ್ತು ಮುಂದಿನ ವರ್ಷದ ಅವರೆಗೆ ಮಣ್ಣಾಗಲೆಂದು, ನಮ್ಮ ಮನೆಯ ಮುಂದಿನ ಹುಲ್ಲುಹಾಸಿನ ಮೇಲೆ ಸುರಿಯತೊಡಗಿದೆ. ಸಬ್‌ಡಿವಿಷನ್ನಿನ, ಎಂದರೆ ನಮ್ಮ ಬಡಾವಣೆಯ, ಅಸೋಸಿಯೇಷನ್ನಿಗೆ ಹುಲ್ಲುಹಾಸೆಂದರೆ ದೇವರು. ನೋಟಿಸ್ ಬರುವುದು ಖಂಡಿತ. ಪತಿರಾಯರು ಬಾಗಿಲಲ್ಲಿ ನಿಂತು ನೋಡುತ್ತಲೇ ಕಾಫಿ ಮುಗಿಸಿದರು. ಆಮೇಲೆ ಚಪ್ಪಲಿ ಮೆಟ್ಟಿ ಕೆಳಗಿಳಿದು ಬಂದರು.

"ಅಲ್ಲೊಂಚೂರು ಹುಲ್ಲು ಕಾಣ್ತಿದೆ ನೋಡು, ಇನ್ನೂ ಹಾಕು" ಎಂದು ಹೇಳಿ, ಮುಂದಿನ ಚೀಲವನ್ನು ತಾವೇ ಬಿಚ್ಚಿದರು.