ಹರಾಜಿನ ಮನೆಯ ಹಿಂಬಾಗಿಲು

ಗೋಡೆಗೊಂದು ಮೊಳೆ ಹೊಡೆಯಲೂ ಬಾಡಿಗೆ ಮನೆಯ ಓನರನ್ನು ಕೇಳಿ ಕೇಳಿ ಸಾಕಾಗಿದ್ದ ಕಾಲವದು. ಗುಂಡ್ಲುಪೇಟೆಯಲ್ಲಿ ಸಾಲ ತೀರದ ಮನೆಯೊಂದನ್ನು ಬ್ಯಾಂಕಿನವರು ಹರಾಜಿಗಿಟ್ಟಿದ್ದರು. ಪ್ರಕಟಣೆ ಇಂಗ್ಲಿಷಿನಲ್ಲಿತ್ತು. "ಕಾನ್ವೆಂಟಿನವಳಲ್ವಾ, ಓದಿ ಹೇಳು," ಎಂದು ನಮ್ಮ ಯಜಮಾನರು ಹಾಳೆಯನ್ನು ನನ್ನ ಕೈಗಿಟ್ಟರು. ಮನೆ ಇರುವ ಹಾಗೆಯೇ ಕೊಡುತ್ತೇವೆ, ಅದರ ಮೇಲೆ ಬೇರೆ ಯಾರ ಹಕ್ಕಿದ್ದರೂ ಕೊಂಡವರೇ ನೋಡಿಕೊಳ್ಳಬೇಕು ಎಂದಿತ್ತು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ತೆಗೆಸಿದ ಋಣಭಾರ ಪತ್ರದಲ್ಲಿ, ಅಂದರೆ ಇ.ಸಿ.ಯಲ್ಲಿ, ಬ್ಯಾಂಕಿನ ಸಾಲ ಬಿಟ್ಟರೆ ಇನ್ನೇನೂ ಕಾಣಲಿಲ್ಲ. ಇವರು ನಿರಾಳವಾದರು.

ಮನೆ ನೋಡಲು ಹೋದೆವು. ಮುಂಬಾಗಿಲಿಗೆ ಬ್ಯಾಂಕಿನ ಬೀಗ, ಬೀಗದ ಮೇಲೆ ಧೂಳು. ಪಕ್ಕದ ಓಣಿಯಲ್ಲಿ ನುಸುಳಿ ಹಿಂದಕ್ಕೆ ಹೋದರೆ, ಸಾರಿಸಿದ ನೆಲದ ಒದ್ದೆ ಇನ್ನೂ ಆರಿರಲಿಲ್ಲ; ಮೇಲೊಂದು ಪುಟ್ಟ ರಂಗೋಲಿ, ನಡುವೆ ಚೆಂಡುಹೂ.

"ಖಾಲಿ ಮನೆಗೆ ರಂಗೋಲಿ ಹಾಕೋರು ಯಾರ್ರೀ?" ಎಂದೆ.

ಬಾಗಿಲು ತೆರೆಯಿತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಅಜ್ಜಿಯೊಬ್ಬರು ನಿಂತಿದ್ದರು.

"ನೋಡಕ್ ಬಂದ್ರಾ? ನೋಡಿ, ನೋಡಿ. ಈ ರೂಮ್ನಲ್ಲಿ ನಾ ಬೋಗ್ಯಕ್ಕಿವ್ನಿ. ಇದ್ದ ದುಡ್ನೆಲ್ಲ ಹಳೇ ಓನರ್ ಕೈಗ್ ಕೊಟ್ಬುಟ್ಟಿವ್ನಿ ಕಣವ್ವ. ಅದು ವಾಪಸ್ ಬರಗಂಟ ಓಗಕಿಲ್ಲ. ನೆನ್ನೆ ಬಂದ ಈರುಳ್ಳಿ ಮಂಡಿಯವ್ರಿಗೂ ಇದ್ನೇ ಏಳಿ ಕಳ್ಸ್ದೆ."

"ಪತ್ರ ಏನಾದ್ರೂ ಇದೆಯಾ ಅಜ್ಜಿ?" ಎಂದರು ಇವರು.

"ಪತ್ರ ಯಾಕ್ ಸ್ವಾಮಿ? ನಾನೇ ಇವ್ನಲ್ಲ ಎದ್ರುಗೆ!"

ದಾರಿಯಲ್ಲಿ ಇವರು, "ಪತ್ರ ಇಲ್ಲ ಅಂದ್ಮೇಲೆ ಅವರಿಗೇನೂ ಸಿಗಲ್ಲ," ಎಂದರು.

"ಅವರನ್ನ ಬೀದಿಗೆ ಹಾಕಿ ಆ ಮನೇಲಿ ಹಾಲುಕ್ಕಿಸೋಕೆ ನನ್ ಕೈಲಾಗಲ್ಲ."

ಇವರು ನಡೆಯುತ್ತಲೇ ಬೆರಳು ಮಡಿಸಿ ಲೆಕ್ಕ ಹಾಕಿದರು. ಆಮೇಲೆ, "ಹಾಗಾದ್ರೆ ಅವರ ದುಡ್ಡು ಬದಿಗಿಟ್ಟು, ಉಳಿದಿದ್ದರಲ್ಲಿ ಕೂಗೋಣ. ಸಿಗದಿದ್ರೆ ಬಾಡಿಗೆ ಮನೇನೇ ಗತಿ," ಎಂದರು.

ಹರಾಜು ಚಾಮರಾಜನಗರದಲ್ಲಿ. ಮಂಡಿಯವರು ಬಂದರೆ ನಮ್ಮ ಕಥೆ ಮುಗಿಯಿತೆಂದು ಬಾಗಿಲನ್ನೇ ನೋಡುತ್ತ ಕೂತೆ. ಅಧಿಕಾರಿಯೂ ಬಾಗಿಲನ್ನೇ ನೋಡುತ್ತಿದ್ದರು. ಜೋಡಿಸಿಟ್ಟ ಕುರ್ಚಿಗಳೆಲ್ಲ ಖಾಲಿ. ಫ್ಯಾನು ಅವುಗಳಿಗೇ ಗಾಳಿ ಬೀಸುತ್ತಿತ್ತು. ಕೊನೆಗೆ ನಾವು ಕೂಗಿದ್ದೇ ಕೂಗು, ಮನೆ ನಮ್ಮದಾಯಿತು. ತೆರಕಣಾಂಬಿ ದಾಟುವವರೆಗೂ ಬಸ್ಸಿನಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದೆ.

ಇಳಿದವರೇ ಹಿಂಬಾಗಿಲಿಗೆ ಹೋದೆವು. "ಮನೆ ನಮಗಾಯ್ತು ಅಜ್ಜಿ. ನಿಮ್ಮ ದುಡ್ಡು ನಾವು ಕೊಡ್ತೀವಿ. ಬೇರೆ ಯಾರೂ ಹರಾಜಿಗೆ ಬರಲೇ ಇಲ್ಲ," ಎಂದೆ.

"ಎಂಗ್ ಬಂದಾರು? ಎಲ್ಲಾರ್ನೂ ನಾನೇ ಓಡ್ಸ್ಬುಟ್ಟಿವ್ನಿ!" ಎಂದು ನಕ್ಕ ಅಜ್ಜಿಯ ಕಣ್ಣು ಒದ್ದೆಯಾಗಿತ್ತು.

ಹಣ ಪಡೆದು ಅವರು ಹರವೆಯ ಮಗಳ ಮನೆಗೆ ಹೋದರು. ಗೃಹಪ್ರವೇಶದ ದಿನ ಬೆಳಕು ಹರಿಯುವ ಮೊದಲೇ ಬಂದು, ನಮ್ಮ ಮುಂಬಾಗಿಲ ಅಂಗಳದ ತುಂಬ ರಂಗೋಲಿ ಬಿಟ್ಟರು. ತುಳಿಯಲು ಯಾರಿಗೂ ಮನಸ್ಸು ಬರಲಿಲ್ಲ. ಬಂದ ನೆಂಟರೆಲ್ಲ ಓಣಿಯಲ್ಲಿ ನುಸುಳಿ ಹಿಂಬಾಗಿಲಿನಿಂದಲೇ ಒಳಗೆ ಬಂದರು.